ಸಾಣೆಚಕ್ರದಿಂದ ಆನಿಕೆಹಲಗೆಗೆ: ಕತ್ತಿ ತಯಾರಿಕೆಯಲ್ಲಿ ಬೆಲ್ಟ್ ಗ್ರೈಂಡರಿನ ಪ್ಲೇಟನ್ ಜೋಡಣೆ

ಕಮ್ಮಾರಿಕೆಯನ್ನು ಕುರಿತ ನಮ್ಮ ಬರವಣಿಗೆ ಸಾಮಾನ್ಯವಾಗಿ ಕುಲುಮೆಯ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ತಿದಿ, ಇದ್ದಿಲು, ಅಡಿಗಲ್ಲು, ಇಕ್ಕಳ, ಸುತ್ತಿಗೆ ಇವುಗಳ ವರ್ಣನೆ ವಿವರವಾಗಿ ಬರುತ್ತದೆ. ಕಾದ ಕಬ್ಬಿಣ ತಣಿದ ಮೇಲೆ ನಡೆಯುವ ಕೆಲಸ ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಕತ್ತಿಯೊಂದು ಕತ್ತರಿಸುವುದು ಅಥವಾ ಕತ್ತರಿಸದೆ ಹೋಗುವುದು ನಿರ್ಧಾರವಾಗುವುದು ಬಹುಮಟ್ಟಿಗೆ ಈ ಕೊನೆಯ ಹಂತದಲ್ಲಿ, ಅಂದರೆ ಅಲಗನ್ನು ತೇಯ್ದು ಅದಕ್ಕೆ ಓರೆಮೈ ಕೊಡುವಲ್ಲಿ. ಈ ಹಂತಕ್ಕೆ ಇಂದು ಬಂದಿರುವ ಯಂತ್ರ ಬೆಲ್ಟ್ ಗ್ರೈಂಡರ್. ಆ ಯಂತ್ರದ ಒಂದೇ ಒಂದು ಭಾಗವನ್ನು, ಅದರ ಪ್ಲೇಟನ್ನನ್ನು, ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಪರಿಶೀಲನೆಗೆ ಹಳೇ ಹುಬ್ಬಳ್ಳಿಯಂಥ ಊರನ್ನು ಮನಸ್ಸಿನಲ್ಲಿರಿಸಿಕೊಳ್ಳುವುದು ಸೂಕ್ತ. ವಿಜಯನಗರದ ಕಾಲದಲ್ಲಿಯೇ ಹತ್ತಿ, ಪೆಟ್ಲುಪ್ಪುಗಳೊಡನೆ ಕಬ್ಬಿಣದ ವ್ಯಾಪಾರಕ್ಕೂ ಹೆಸರಾಗಿದ್ದ ಪೇಟೆಯಿದು. 1673ರಲ್ಲಿ ಮರಾಠಾ ಪಡೆ ಇದನ್ನು ಲೂಟಿ ಮಾಡುವಷ್ಟು ಸಂಪತ್ತು ಇಲ್ಲಿ ಸೇರಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಹುಬ್ಬಳ್ಳಿಗೆ ಬಂದಿತು. ಅಂದಿನಿಂದ ಲೇಥು, ಫಿಟ್ಟರು, ಮಟ್ಟಗೋಲು ಎಂಬ ಮಾತುಗಳು ಈ ಊರಿನ ದುಡಿಯುವವರ ಆಡುಮಾತಿಗೆ ಸೇರಿದವು. ಒಂದು ಕಡೆ ಆಯ ಪಡೆದು ಕುಳ, ಕುಡುಗೋಲುಗಳನ್ನು ಹಣಿದುಕೊಡುವ ಹಳ್ಳಿಯ ಕಮ್ಮಾರಿಕೆ, ಇನ್ನೊಂದು ಕಡೆ ಅಳತೆಯ ಶಿಸ್ತಿನ ಯಂತ್ರವಿದ್ಯೆ. ಇವೆರಡೂ ಹತ್ತಿರ ಹತ್ತಿರವೇ ಇರುವ ಊರು ಇದು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವುದರಿಂದ ಲಾರಿಗಳ ಹಳೆಯ ಕಮಾನುಪಟ್ಟಿಗೂ ಇಲ್ಲಿ ಬರವಿಲ್ಲ. ನೂರಕ್ಕೆ ಸುಮಾರು 0.5ರಿಂದ 0.6ರಷ್ಟು ಇಂಗಾಲವಿರುವ ಈ ಉಕ್ಕು ಭಾರತದಾದ್ಯಂತ ಕಮ್ಮಾರರ ಕೈಯಲ್ಲಿ ಕತ್ತಿ, ಮಚ್ಚು, ಕುಡುಗೋಲುಗಳಾಗುತ್ತಿದೆ.

ಕನ್ನಡದಲ್ಲಿ ತೇಯುವ ಕ್ರಿಯೆಗೆ ಎರಡು ಮಾತುಗಳಿವೆ. ಒಂದು ‘ಮಸೆ’, ಮಸೆಗಲ್ಲು ಚಪ್ಪಟೆಯಾದದ್ದು, ಅಲಗು ಅದರ ಮೇಲೆ ಚಲಿಸುತ್ತದೆ. ಇನ್ನೊಂದು ಸಂಸ್ಕೃತದ ‘ಶಾಣ’ದಿಂದ ಬಂದ ‘ಸಾಣೆ’; ಸಾಣೆ ಹಿಡಿಯುವವನ ಕಲ್ಲು ಸಾಮಾನ್ಯವಾಗಿ ಚಕ್ರ, ಅಲ್ಲಿ ಕಲ್ಲು ತಿರುಗುತ್ತದೆ, ಅಲಗು ನಿಂತಿರುತ್ತದೆ. ಗಂಧ ತೇಯುವ ಸಾಣೆಕಲ್ಲು ಮಾತ್ರ ಚಪ್ಪಟೆ ಎಂಬುದು ಇಲ್ಲಿ ನೆನಪಿಗೆ ಬರುವ ವಿಶೇಷ. ಈ ಎರಡು ಬಗೆಯ ತೇಯುವಿಕೆ ಅಲಗಿನ ಮೇಲೆ ಎರಡು ಬಗೆಯ ಮೈಯನ್ನು ಬಿಡುತ್ತವೆ. ಚಕ್ರವು ತನ್ನ ದುಂಡುತನವನ್ನು ಅಲಗಿಗೆ ಒಪ್ಪಿಸುತ್ತದೆ: ಓರೆಮೈ ಒಳಗೆ ಬಗ್ಗುತ್ತದೆ. ಓರೆಮೈಯ ಅಗಲದ ವರ್ಗವನ್ನು ಚಕ್ರದ ವ್ಯಾಸದ ನಾಲ್ಕರಷ್ಟರಿಂದ ಭಾಗಿಸಿದರೆ ಈ ಬಗ್ಗಿನ ಆಳ ಹೆಚ್ಚುಕಡಿಮೆ ಸಿಗುತ್ತದೆ. 20 ಮಿ.ಮೀ. ಅಗಲದ ಓರೆಮೈಯನ್ನು 300 ಮಿ.ಮೀ. ವ್ಯಾಸದ ಚಕ್ರದ ಮೇಲೆ ತೇಯ್ದರೆ ನಡುವೆ 0.33 ಮಿ.ಮೀ. ತಗ್ಗು, ಮೇಜಿನ ಮೇಲಿಡುವ 150 ಮಿ.ಮೀ. ವ್ಯಾಸದ ಸಣ್ಣ ಗ್ರೈಂಡರಿನಲ್ಲಾದರೆ 0.67 ಮಿ.ಮೀ. ಎರಡೂ ಬದಿ ಸೇರಿ ಮೂರು ಮಿ.ಮೀ. ದಪ್ಪದ ಅಲಗಿನಿಂದ ಇಷ್ಟು ಹೋದರೆ ಬಾಯಿಯ ಹಿಂದೆ ಉಕ್ಕು ಎಷ್ಟು ಉಳಿಯಿತೆಂದು ಊಹಿಸಬಹುದು. ಕ್ಷೌರದ ಕತ್ತಿಗೆ ಇದು ಗುಣ, ಕಬ್ಬು ಕಡಿಯುವ ಕತ್ತಿಗೆ ದೋಷ. ಸಮತಲವಾದ ಓರೆಮೈ ಬೇಕಾದವನು ಹಿಂದೆ ಅರದಿಂದ ಉಜ್ಜುತ್ತಿದ್ದ, ಇಲ್ಲವೇ ಮಸೆಗಲ್ಲಿನ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದ. ಬೆಲ್ಟ್ ಗ್ರೈಂಡರು ಸಾಣೆಯ ವೇಗವನ್ನೂ ಮಸೆಗಲ್ಲಿನ ಚಪ್ಪಟೆತನವನ್ನೂ ಒಂದೆಡೆ ತರುತ್ತದೆ. ಆ ಚಪ್ಪಟೆತನ ಇರುವುದು ಬೆಲ್ಟಿನಲ್ಲಲ್ಲ, ಬೆಲ್ಟಿನ ಬೆನ್ನಿಗೆ ನಿಂತ ಪ್ಲೇಟನ್ನಿನಲ್ಲಿ.

ಪ್ಲೇಟನ್ ಎಂಬುದಕ್ಕೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ. ಬೆಲ್ಟು ಇದಕ್ಕೆ ಆನಿಕೊಂಡೇ ಅಲಗನ್ನು ತೇಯುವುದರಿಂದ ಇಲ್ಲಿ ‘ಆನಿಕೆಹಲಗೆ’ ಎಂದು ಕರೆಯಲಾಗಿದೆ. ಕತ್ತಿ ತಯಾರಕರಲ್ಲಿ ಹೆಚ್ಚು ಬಳಕೆಯಲ್ಲಿರುವ ಬೆಲ್ಟು 2 ಇಂಚು ಅಗಲ, 72 ಇಂಚು ಸುತ್ತಳತೆಯದು, ಅಂದರೆ ಸುಮಾರು 50 ಮತ್ತು 1830 ಮಿ.ಮೀ. ಮೋಟಾರಿಗೆ ಹೊಂದಿದ ಚಾಲಕ ಚಕ್ರವೊಂದು, ಹಿಂದೆ ಮೇಲ್ಗಡೆ ಸ್ಪ್ರಿಂಗಿನ ಬಲದಿಂದ ಬೆಲ್ಟನ್ನು ಬಿಗಿಯುವ ಹಾಗೂ ದಾರಿಗೆ ತರುವ ಚಕ್ರವೊಂದು, ಮುಂದೆ ಮೇಲೊಂದು ಕೆಳಗೊಂದು ಸಣ್ಣ ಚಕ್ರಗಳು. ಈ ಮುಂದಿನ ಎರಡು ಚಕ್ರಗಳ ನಡುವೆ ನೆಟ್ಟಗೆ ನಿಲ್ಲುವ ಉಕ್ಕಿನ ಪಟ್ಟಿಯೇ ಆನಿಕೆಹಲಗೆ.

ಹಲಗೆ ಯಾವುದರದ್ದಾಗಿರಬೇಕು ಎಂಬುದು ಮೊದಲ ಪ್ರಶ್ನೆ. 10 ಅಥವಾ 12 ಮಿ.ಮೀ. ದಪ್ಪದ ಮೆದು ಉಕ್ಕಿನ ಪಟ್ಟಿ ಎಲ್ಲಿಯೂ ಸಿಗುತ್ತದೆ, ಕೊರೆಯಲು ಸುಲಭ. ಆದರೆ ಬೆಲ್ಟಿನ ಬೆನ್ನಿನ ಬಟ್ಟೆ ಮತ್ತು ಅದರೊಡನೆ ಸೇರುವ ಪುಡಿ ಅದನ್ನು ಬೇಗ ಸವೆಸುತ್ತವೆ. ಹದಕೊಟ್ಟ ಉಕ್ಕು ಹೆಚ್ಚು ಕಾಲ ಬರುತ್ತದೆ. ಅದಕ್ಕಿಂತಲೂ ಉತ್ತಮವಾದದ್ದು ಮೆದು ಉಕ್ಕಿನ ಪಟ್ಟಿಯ ಮೇಲೆ ಎಪಾಕ್ಸಿಯಿಂದ ಅಂಟಿಸಿದ ಗಾಜು-ಸಿರಾಮಿಕ್ ಫಲಕ. ಬಿಸಿಗೆ ಇದು ಹಿಗ್ಗುವುದು ಅತ್ಯಲ್ಪವಾದ್ದರಿಂದ ಸೀಳುವುದಿಲ್ಲ. ಕಿಟಕಿಯ ಗಾಜನ್ನು ಇದರ ಬದಲಿಗೆ ಬಳಸಲಾಗದು. ಬಿಸಿಯೇರಿದೊಡನೆ ಅದು ಒಡೆದು ಚೂರುಗಳನ್ನು ಬೆಲ್ಟಿನೊಡನೆ ಎಸೆಯಬಲ್ಲದು. ಎಪಾಕ್ಸಿ ಒಂದನ್ನೇ ನಂಬುವುದೂ ತರವಲ್ಲ. ಮುಂಭಾಗದಲ್ಲಿ ಬೆಲ್ಟು ಕೆಳಮುಖವಾಗಿ ಓಡುತ್ತದೆ, ಫಲಕವನ್ನು ಸದಾ ಕೆಳಗೆ ಎಳೆಯುತ್ತಿರುತ್ತದೆ. ಶಾಖಕ್ಕೆ ಅಂಟು ಮೆತ್ತಗಾದ ದಿನ ಫಲಕ ಜಾರುತ್ತದೆ. ಆದುದರಿಂದ ಪಟ್ಟಿಯ ಕೆಳತುದಿಯಲ್ಲಿ ಫಲಕವನ್ನು ಹೊರುವ ಒಂದು ಅಂಚನ್ನು ಬೆಸುಗೆಯಿಂದಲೋ ತಿರುಪಿನಿಂದಲೋ ಕೂಡಿಸಬೇಕು, ಆ ಅಂಚು ಫಲಕದ ಮುಖಕ್ಕಿಂತ ಹಿಂದೆಯೇ ಉಳಿಯಬೇಕು. ಹಲಗೆಯ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ದುಂಡಗೆ ಮಾಡದಿದ್ದರೆ ಅವೇ ಬೆಲ್ಟಿನ ಬೆನ್ನನ್ನು ಕೆರೆದು ಹಾಳುಮಾಡುತ್ತವೆ.

ಎರಡನೆಯದು ಹಲಗೆಯ ಸ್ಥಾನ. ಬಹುಪಾಲು ತೊಂದರೆಗಳು ಹುಟ್ಟುವುದು ಇಲ್ಲಿಯೇ. ಬೆಲ್ಟು ತೆಗೆದು, ಮುಂದಿನ ಎರಡು ಚಕ್ರಗಳ ಮೇಲೆ ನೇರವಾದ ಉಕ್ಕಿನ ಪಟ್ಟಿಯೊಂದನ್ನು ಆನಿಸಬೇಕು. ಆ ರೇಖೆಗಿಂತ ಹಲಗೆಯ ಮುಖ ಸುಮಾರು 1.5ರಿಂದ 3 ಮಿ.ಮೀ.ಗಳಷ್ಟು ಮುಂದಿರಬೇಕು, ಹಾಗೂ ಮೇಲೆಯೂ ಕೆಳಗೂ ಒಂದೇ ಪ್ರಮಾಣದಲ್ಲಿರಬೇಕು. ಹಲಗೆ ಹಿಂದೆ ಸರಿದಿದ್ದರೆ ಬೆಲ್ಟು ಎರಡು ಚಕ್ರಗಳ ನಡುವೆ ಗಾಳಿಯಲ್ಲಿ ತೂಗುತ್ತದೆ, ಅಲಗನ್ನು ಒತ್ತಿದಾಗ ಒಳಗೆ ಬಾಗಿ ಅಲಗಿನ ಅಂಚುಗಳನ್ನು ಸುತ್ತುವರಿದು ದುಂಡಗೆ ತೇಯುತ್ತದೆ. ಮೊನಚಾಗಿರಬೇಕಾದ ಗೆರೆಗಳೆಲ್ಲ ಮಂಕಾಗುತ್ತವೆ. ಅತಿಯಾಗಿ ಮುಂದೆ ಬಂದಿದ್ದರೆ ಬೆಲ್ಟು ಹಲಗೆಯ ಎರಡು ತುದಿಗಳಲ್ಲಿ ಗಟ್ಟಿಯಾಗಿ ಮಡಿಯುತ್ತದೆ, ಶಾಖ ಹೆಚ್ಚುತ್ತದೆ, ಮೋಟಾರು ಏದುತ್ತದೆ, ಬೆಲ್ಟಿನ ಕೂಡುಗೆರೆ ಪ್ರತಿ ಸುತ್ತಿಗೂ ಬಡಿಯುತ್ತದೆ.

ಇದಾದ ಮೇಲೆ ತಿರುಚನ್ನು ನೋಡಬೇಕು. ಹಲಗೆಯ ಎಡ ಅಂಚು ಬಲ ಅಂಚಿಗಿಂತ ಕೂದಲೆಳೆಯಷ್ಟು ಮುಂದಿದ್ದರೂ ಬೆಲ್ಟು ಒಂದೇ ಅಂಚಿನಲ್ಲಿ ಕಡಿಯುತ್ತದೆ. ಇದನ್ನು ಬೆಲ್ಟಿನ ದಾರಿ ತಪ್ಪಿದ ದೋಷವೆಂದು ತಿಳಿದು ಹಿಂದಿನ ಚಕ್ರವನ್ನು ತಿರುಗಿಸುತ್ತ ಕೂರುವವರುಂಟು. ಬೆಲ್ಟು ದಾರಿಯಲ್ಲಿ ಉಳಿಯುವುದು ಚಕ್ರದ ನಡುವೆ ಕೊಟ್ಟಿರುವ ಉಬ್ಬಿನಿಂದ; ಓಡುವ ಬೆಲ್ಟು ಉಬ್ಬಿನ ಅತಿ ಎತ್ತರದ ಕಡೆಗೇ ಏರುವ ಸ್ವಭಾವದ್ದು. ಆನಿಕೆಹಲಗೆಯ ತಿರುಚು ಬೇರೆಯೇ ಸಂಗತಿ, ಅದಕ್ಕೆ ಹಲಗೆಯನ್ನೇ ಸರಿಪಡಿಸಬೇಕು. ಪರೀಕ್ಷೆ ಸುಲಭ: ಸಮತಲವಾದ ಉಕ್ಕಿನ ಪಟ್ಟಿಗೆ ಮಾರ್ಕರ್ ಶಾಯಿ ಬಳಿದು, ಓಡುವ ಬೆಲ್ಟಿಗೆ ಒಂದು ಕ್ಷಣ ಹಗುರಾಗಿ ತಾಗಿಸಬೇಕು. ಶಾಯಿ ಎಲ್ಲೆಡೆ ಸಮನಾಗಿ ಹೋದರೆ ಹಲಗೆ ಸರಿಯಿದೆ. ಒಂದೇ ಅಂಚಿನಲ್ಲಿ ಹೋದರೆ ತಿರುಚಿದೆ. ಎರಡು ಅಂಚುಗಳಲ್ಲಿ ಹೋಗಿ ನಡುವೆ ಉಳಿದರೆ ಹಲಗೆ ಸವೆದಿದೆ.

ಕೊನೆಯದು ಹಲಗೆಯ ಮುಂದಿನ ಆಸರೆಮೇಜು. ಮೂಲೆಮಟ್ಟವಿಟ್ಟು ಮೇಜನ್ನು ಹಲಗೆಗೆ ತೊಂಬತ್ತು ಅಂಶಕ್ಕೆ ನಿಲ್ಲಿಸಬೇಕು, ಆಮೇಲೆ ಬೇಕಾದ ಕೋನವನ್ನು ಅಲ್ಲಿಂದ ಎಣಿಸಬೇಕು. ಇದು ಎಷ್ಟು ಸೂಕ್ಷ್ಮವೆಂಬುದು ಲೆಕ್ಕದಿಂದ ತಿಳಿಯುತ್ತದೆ. 4 ಮಿ.ಮೀ. ದಪ್ಪದ ಅಲಗಿಗೆ 25 ಮಿ.ಮೀ. ಅಗಲದ ಓರೆಮೈ ಬೇಕು, ಹದ ಹಾಕುವ ಮುನ್ನ ಬಾಯಿಯಲ್ಲಿ 0.5 ಮಿ.ಮೀ. ಉಳಿಸಬೇಕು ಎಂದಿಟ್ಟುಕೊಳ್ಳೋಣ. ಪ್ರತಿ ಬದಿಯಿಂದ ಹೋಗಬೇಕಾದದ್ದು 1.75 ಮಿ.ಮೀ., ಕೋನ 4 ಅಂಶ. ಇದು 5 ಅಂಶವಾದರೆ ಪ್ರತಿ ಬದಿಯಿಂದ 2.19 ಮಿ.ಮೀ. ಹೋಗುತ್ತದೆ, ಎರಡು ಬದಿ ಸೇರಿದರೆ ಅಲಗಿನ ದಪ್ಪವನ್ನೇ ಮೀರುತ್ತದೆ. ಒಂದೇ ಅಂಶದ ತಪ್ಪಿಗೆ ಉಳಿಸಿಕೊಂಡ ಬಾಯಿ ಪೂರ್ತಿ ಹೋಗಿ, ಕತ್ತಿ ತನ್ನ ಅಗಲವನ್ನೂ ಕಳೆದುಕೊಳ್ಳುತ್ತದೆ. ಬರಿಗೈಯಲ್ಲಿ ತೇಯುವ ನುರಿತ ಕಮ್ಮಾರನಿಗೆ ಮೇಜು ಬೇಡವೆನ್ನಿಸಬಹುದು. ಅವನಿಗೂ ಹಲಗೆ ನೆಟ್ಟಗಿರಬೇಕು, ಏಕೆಂದರೆ ಅವನ ಕೈ ಕಲಿತಿರುವುದು ಆ ನೆಟ್ಟಗಿನ ಮೇಲೆಯೇ.

ವೇಗದ ವಿಷಯದಲ್ಲಿ ನಮ್ಮಲ್ಲಿ ಸಂಯಮ ಕಡಿಮೆ ಎನ್ನಬೇಕು. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ 100 ಮಿ.ಮೀ. ಚಕ್ರ ಹಾಕಿದರೆ ಬೆಲ್ಟು ನಿಮಿಷಕ್ಕೆ ಸುಮಾರು 450 ಮೀಟರ್ ಓಡುತ್ತದೆ, 150 ಮಿ.ಮೀ. ಚಕ್ರಕ್ಕೆ ಸುಮಾರು 680. ಅದೇ ಚಕ್ರವನ್ನು 2880 ಸುತ್ತಿನ ಮೋಟಾರಿಗೆ ಹಾಕಿದರೆ 1350ಕ್ಕೂ ಹೆಚ್ಚು. ಹದಹಾಕದ ಉಕ್ಕನ್ನು ಒರಟಾಗಿ ತೇಯಲು ಕೊನೆಯದು ನಡೆಯುತ್ತದೆ. ಹದ ಹಾಕಿದ ಮೇಲೆ ಅದೇ ವೇಗದಲ್ಲಿ ತೆಳುವಾದ ಬಾಯನ್ನು ತಾಗಿಸಿದರೆ ಕ್ಷಣಮಾತ್ರದಲ್ಲಿ ನೀಲಿ ಬಣ್ಣ ಮೂಡುತ್ತದೆ. ನೀಲಿಯೆಂದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದು ಅರ್ಥ. ಸುಮಾರು 200 ಡಿಗ್ರಿಗೆ ಹದ ಇಳಿಸಿದ ಅಲಗಿನ ಗಡಸು ಅಲ್ಲಿಗೆ ಹೋಯಿತು. ಬಣ್ಣವನ್ನು ಉಜ್ಜಿ ತೆಗೆಯಬಹುದು, ಗಡಸನ್ನು ಮರಳಿ ತರಲಾಗದು. ಅಂಥ ಕತ್ತಿ ನೋಡಲು ಹೊಳೆಯುತ್ತದೆ, ಎರಡು ದಿನಕ್ಕೆ ಬಾಯಿ ಮಡಚುತ್ತದೆ, ಕೊಂಡವನು ಕಮ್ಮಾರನ ಹದವನ್ನು ಬೈಯುತ್ತಾನೆ. ಹದ ಸರಿಯಾಗಿಯೇ ಇತ್ತು. ಕೆಟ್ಟದ್ದು ಸವೆದ ಬೆಲ್ಟು ಮತ್ತು ಅತಿಯಾಗಿ ಮುಂದೆ ಬಂದ ಆನಿಕೆಹಲಗೆಯಿಂದ.

ಹಲಗೆಯ ಸವೆತ ನಡುವೆ ಮೊದಲಾಗುತ್ತದೆ, ಏಕೆಂದರೆ ಒತ್ತುವುದೆಲ್ಲ ಅಲ್ಲಿಯೇ. 0.2 ಮಿ.ಮೀ. ತಗ್ಗಾದರೂ ಓರೆಮೈ ಆ ಪ್ರಮಾಣದಲ್ಲಿ ಹೊಟ್ಟೆಬಿಡುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಹಲಗೆಯನ್ನು ಉಜ್ಜಿದರೆ ಅದು ಮತ್ತೆ ಸಮತಲಕ್ಕೆ ಬರುತ್ತದೆ. ಎರಡು ಹಲಗೆಗಳನ್ನು ಪರಸ್ಪರ ಉಜ್ಜಿ ಸಮ ಮಾಡಬಹುದೆಂಬ ನಂಬಿಕೆ ಮಾತ್ರ ಸರಿಯಲ್ಲ: ಒಂದು ಉಬ್ಬಾಗಿ ಇನ್ನೊಂದು ತಗ್ಗಾಗಿ ಎರಡೂ ಒಂದಕ್ಕೊಂದು ಚೆನ್ನಾಗಿ ಹೊಂದಿಬಿಡಬಲ್ಲವು. ಮೂರನ್ನು ಅದಲುಬದಲಾಗಿ ಒಂದಕ್ಕೊಂದು ಹೊಂದಿಸಿದಾಗಲೇ ನಿಜವಾದ ಸಮತಲ ದೊರೆಯುತ್ತದೆ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1840ರಲ್ಲಿ ಲೋಹದ ಸಮತಲಗಳನ್ನು ಕುರಿತ ತನ್ನ ಪ್ರಬಂಧದಲ್ಲಿ ಉಜ್ಜುವುದರ ಬದಲು ಕೆರೆದು ಹೊಂದಿಸುವ ಕ್ರಮವನ್ನು ಸಮರ್ಥಿಸಿದನು. ರೈಲ್ವೆ ಕಾರ್ಯಾಗಾರದ ಫಿಟ್ಟರಿಗೆ ಸ್ಕ್ರೇಪರಿನ ಈ ಕೆಲಸ ಹೊಸದಲ್ಲ.

ದೂಳಿನ ವಿಷಯ ಪ್ರತ್ಯೇಕ ಪ್ರಬಂಧಕ್ಕೆ ತಕ್ಕುದಾದರೂ ಇಲ್ಲಿ ಬಿಡುವಂತಿಲ್ಲ. ಶೆಫೀಲ್ಡಿನಲ್ಲಿ ಮರಳುಗಲ್ಲಿನ ಚಕ್ರದ ಮೇಲೆ ಒಣದಾಗಿ ತೇಯುತ್ತಿದ್ದವರು ಎಳೆಯ ವಯಸ್ಸಿನಲ್ಲಿಯೇ ಶ್ವಾಸಕೋಶದ ರೋಗಕ್ಕೆ ಬಲಿಯಾಗುತ್ತಿದ್ದುದನ್ನು ವೈದ್ಯ ಕಾಲ್ವರ್ಟ್ ಹಾಲೆಂಡ್ 1843ರಲ್ಲಿಯೇ ಬರೆದಿಟ್ಟಿದ್ದಾನೆ. ಇಂದಿನ ಬೆಲ್ಟಿನಲ್ಲಿ ಮರಳುಗಲ್ಲಿನ ಸಿಲಿಕಾ ಇಲ್ಲ, ಅಲ್ಯುಮಿನಿಯಂ ಆಕ್ಸೈಡ್, ಜಿರ್ಕೋನಿಯಾ ಅಥವಾ ಸಿರಾಮಿಕ್ ಕಣಗಳಿವೆ. ಆದರೆ ಲೋಹದ ಪುಡಿ ಇದೆ, ಅದು ಸಾಣೆಚಕ್ರದಲ್ಲಿ ಹುಟ್ಟುವುದಕ್ಕಿಂತ ಹೆಚ್ಚು ವೇಗದಲ್ಲಿ ಹುಟ್ಟುತ್ತದೆ. ಆನಿಕೆಹಲಗೆಯ ಕೆಳಗೆ, ಕಿಡಿ ಬೀಳುವ ದಿಕ್ಕಿನಲ್ಲಿ, ಅಗಲ ಬಾಯಿಯ ನೀರಿನ ಬಕೆಟ್ಟನ್ನು ಇಡುವುದು ಅತ್ಯಂತ ಅಗ್ಗದ ರಕ್ಷಣೆ; ಅಲಗನ್ನು ಅದ್ದಿ ತಣಿಸಲೂ ಅದೇ ನೀರು ಒದಗುತ್ತದೆ. ಸೂಕ್ಷ್ಮವಾದ ಪುಡಿ ಬಕೆಟ್ಟಿಗೆ ಬೀಳದೆ ಗಾಳಿಯಲ್ಲಿಯೇ ತೇಲುವುದರಿಂದ ಮುಖಕ್ಕೆ ಕಟ್ಟಿದ ಟವೆಲ್ಲು ಸಾಲದು, ಸೋಸುವ ಮುಖವಾಡವೇ ಬೇಕು. ಹಿಡಿಕೆಯ ಮರವನ್ನು ಅದೇ ಯಂತ್ರದಲ್ಲಿ ತೇಯುವವರು ಮೊದಲು ಉಕ್ಕಿನ ಪುಡಿಯನ್ನು ಗುಡಿಸಿ ತೆಗೆಯಬೇಕು, ಮತ್ತೆ ಉಕ್ಕಿಗೆ ಬರುವ ಮುನ್ನ ಮರದ ಪುಡಿಯನ್ನು. ಹಲಗೆಯ ಹಿಂದಿನ ಸಂದಿಯಲ್ಲಿ ಸೇರಿಕೊಂಡ ಮರದ ಪುಡಿಗೆ ಒಂದು ಕಿಡಿ ಸಾಕು.