‘226 ಟ್ರಾನ್ಸ್‌ಫರ್ ಕಂಪ್ಲೀಟ್’ ಎಂದ ಮಾತ್ರಕ್ಕೆ

ಸಂಘದ ವೆಬ್‌ಸೈಟು, ಕಾಲೇಜಿನ ಪುಟ, ಸಣ್ಣ ಪತ್ರಿಕೆಯ ಜಾಲತಾಣ ಇಂಥವನ್ನು ನೋಡಿಕೊಳ್ಳುವವರ ಕಂಪ್ಯೂಟರಿನಲ್ಲಿ ಫೈಲ್‌ಜಿಲ್ಲಾ ಅಥವಾ ವಿನ್‌ಎಸ್‌ಸಿಪಿ ಎಂಬ ಫೈಲ್ ಸಾಗಿಸುವ ಪ್ರೋಗ್ರಾಂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಡಗಡೆ ನಮ್ಮ ಫೋಲ್ಡರು, ಬಲಗಡೆ ಸರ್ವರಿನದು. ಇಲ್ಲಿಂದ ಎಳೆದು ಅಲ್ಲಿ ಬಿಟ್ಟರೆ ಕೆಲಸ ಮುಗಿಯಿತು. ಈ ಸಲೀಸೇ ಹಲವು ತಪ್ಪು ನಂಬಿಕೆಗಳಿಗೆ ಎಡೆಮಾಡಿದೆ. ಇವುಗಳ ಬೆನ್ನಿಗಿರುವ ಎಫ್‌ಟಿಪಿ, ಅಂದರೆ ಫೈಲ್ ವರ್ಗಾವಣೆಯ ನಿಯಮ, ಮಾಡುವ ಕೆಲಸ ಬಹಳ ಚಿಕ್ಕದು: ಕೊಟ್ಟ ಬೈಟುಗಳನ್ನು ಹೇಳಿದ ಜಾಗದಲ್ಲಿ ಇಡುವುದು. ಗುಟ್ಟು ಕಾಯುವುದಾಗಲಿ, ಸರಿತಪ್ಪು ನೋಡುವುದಾಗಲಿ, ಹಳೆಯದನ್ನು ಉಳಿಸಿಡುವುದಾಗಲಿ ಅದರ ಪಾಲಿನದಲ್ಲ. ಅದೆಲ್ಲ ತಾನಾಗಿ ಆಗುತ್ತದೆ ಎಂದುಕೊಂಡ ಕಡೆಯೇ ಪಾಸ್‌ವರ್ಡು ಸೋರುತ್ತದೆ, ವರ್ಷಗಟ್ಟಲೆ ಬರೆದದ್ದು ಕಳೆದುಹೋಗುತ್ತದೆ.

“ನಮ್ಮ ಸೈಟು ಎಚ್‌ಟಿಟಿಪಿಎಸ್, ಹಾಗಾಗಿ ಎಫ್‌ಟಿಪಿಯೂ ಭದ್ರ”

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು. ಎಚ್‌ಟಿಟಿಪಿಎಸ್ ಕಾಯುವುದು ಓದುಗರಿಗೂ ವೆಬ್ ಸರ್ವರಿಗೂ ನಡುವಿನ ಸಂಪರ್ಕವನ್ನು. ಅದು ನಡೆಯುವುದು 443ನೇ ಪೋರ್ಟಿನಲ್ಲಿ. ಎಫ್‌ಟಿಪಿಯದು 21ನೇ ಪೋರ್ಟು, ಬೇರೆಯೇ ದಾರಿ. ಸಾದಾ ಎಫ್‌ಟಿಪಿಯಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಯಾವ ಮುಚ್ಚುಮರೆಯಿಲ್ಲದೆ ಹೋಗುತ್ತವೆ. ಆ ದಾರಿಯ ಮಾಹಿತಿ ಸಿಗುವಂಥ ಜಾಗದಲ್ಲಿ ಯಾರಾದರೂ ವೈರ್‌ಶಾರ್ಕ್‌ನಂಥ ಉಪಕರಣ ಇಟ್ಟುಕೊಂಡು ಕುಳಿತರೆ ನಿಮ್ಮ ಪಾಸ್‌ವರ್ಡನ್ನು ಅಕ್ಷರ ಬಿಡದೆ ಓದಬಹುದು.

ಇದರಲ್ಲಿ ಮೊದಲು ರೂಪಿಸಿದವರ ಬೇಜವಾಬ್ದಾರಿ ಹುಡುಕುವುದು ತಪ್ಪು. ಎಫ್‌ಟಿಪಿಯ ಮೊದಲ ಕರಡು ಬರೆದವರು ಭಾರತದವರೇ. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್ ಅದನ್ನು 1971ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 114 ಎಂಬ ದಾಖಲೆಯಾಗಿ ಹೊರತಂದರು. ಆಗಿನ ಅರ್ಪಾನೆಟ್ ಜಾಲದಲ್ಲಿ ಇದ್ದದ್ದು ಕೆಲವೇ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಯಂತ್ರಗಳು. ಕದ್ದು ಕೇಳುವವರ ಭಯ ಅಲ್ಲಿ ದೊಡ್ಡದಾಗಿರಲಿಲ್ಲ. ಇಂದಿಗೂ ಎಫ್‌ಟಿಪಿಗೆ ಆಧಾರವಾಗಿರುವ ಆರ್‌ಎಫ್‌ಸಿ 959 ಬಂದದ್ದು 1985ರಲ್ಲಿ, ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅವರ ಕೈಯಿಂದ. ಅದರಲ್ಲೂ ಗೂಢಲಿಪಿಯ ಏರ್ಪಾಡಿಲ್ಲ. ಜಾಲ ಬೆಳೆಯಿತು, ಈ ನಿಯಮ ಹಾಗೇ ಉಳಿಯಿತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕದಿಯುವ ದಾಳಿ ನಡೆದಾಗ ಅಲ್ಲಿನ ಟಾಟು ಯಲೋನೆನ್ ಸಂಪರ್ಕವನ್ನೇ ಗೂಢಲಿಪಿಯಲ್ಲಿ ನಡೆಸುವ ಎಸ್‌ಎಸ್‌ಎಚ್ ಬರೆದರು. ಅದಕ್ಕೆ ಸಿಕ್ಕ ಪೋರ್ಟು 22.

ಇದರಿಂದ ಇನ್ನೊಂದು ಗೊಂದಲವೂ ಬಗೆಹರಿಯುತ್ತದೆ. ಎಸ್‌ಎಫ್‌ಟಿಪಿ, ಎಫ್‌ಟಿಪಿಎಸ್ ಎರಡೂ ಒಂದೇ ಎಂದು ಎಷ್ಟೋ ಜನ ತಿಳಿದಿದ್ದಾರೆ. ಎಸ್‌ಎಫ್‌ಟಿಪಿ ಎಂಬುದು ಎಸ್‌ಎಸ್‌ಎಚ್ ಒಳಗೆ, 22ನೇ ಪೋರ್ಟಿನಲ್ಲಿ ನಡೆಯುವ ಬೇರೆಯೇ ವ್ಯವಸ್ಥೆ. ಹಳೆಯ ಎಫ್‌ಟಿಪಿಗೂ ಅದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ನಂಟು ಕಡಿಮೆ. ಎಫ್‌ಟಿಪಿಎಸ್ ಎಂದರೆ ಹಳೆಯ ಎಫ್‌ಟಿಪಿಗೇ ಟಿಎಲ್‌ಎಸ್ ಎಂಬ ಗೂಢಲಿಪಿಯ ಕವಚ ತೊಡಿಸಿದ್ದು. ಎರಡೂ ಸಾದಾ ಎಫ್‌ಟಿಪಿಗಿಂತ ಎಷ್ಟೋ ವಾಸಿ. ಫೈಲ್‌ಜಿಲ್ಲಾದಲ್ಲಿ ಟಿಎಲ್‌ಎಸ್ ‘ಲಭ್ಯವಿದ್ದರೆ ಬಳಸು’ ಎಂದೂ ‘ಕಡ್ಡಾಯ’ ಎಂದೂ ಎರಡು ಆಯ್ಕೆಗಳಿವೆ. ಮೊದಲನೆಯದರಲ್ಲಿ ಸರ್ವರ್ ಒಪ್ಪದಿದ್ದರೆ ಸಂಪರ್ಕ ಬರೀ ಎಫ್‌ಟಿಪಿಗೆ ಇಳಿಯಬಹುದು. ಕಡ್ಡಾಯವನ್ನೇ ಆರಿಸಿ. ಅದಕ್ಕೂ ಮೊದಲು ನಿಮ್ಮ ಹೋಸ್ಟಿಂಗ್‌ನವರನ್ನು ಎಸ್‌ಎಫ್‌ಟಿಪಿ ಕೊಡುತ್ತೀರಾ ಎಂದು ಕೇಳಿ. ಕೊಡುವುದೇ ಇಲ್ಲ ಎನ್ನುವವರ ಬಳಿ ಸೈಟು ಇಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಸ್‌ಎಫ್‌ಟಿಪಿಯಲ್ಲಿ ಮೊದಲ ಸಲ ಸಂಪರ್ಕಿಸಿದಾಗ ಸರ್ವರಿನ ಗುರುತಾದ ‘ಹೋಸ್ಟ್ ಕೀ’ ತೋರಿಸಿ, ಇದನ್ನು ನಂಬಬಹುದೇ ಎಂದು ಪ್ರೋಗ್ರಾಂ ಕೇಳುತ್ತದೆ. ಅದು ಕಿರಿಕಿರಿಯ ಸಂದೇಶವಲ್ಲ. ಮುಂದೊಂದು ದಿನ ಅದೇ ಸರ್ವರಿನ ಕೀ ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ, ಓಕೆ ಒತ್ತುವ ಮುಂಚೆ ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ ಕಾರಣ ತಿಳಿದುಕೊಳ್ಳಬೇಕು.

“ಬ್ರೌಸರುಗಳೇ ಕೈಬಿಟ್ಟಿವೆ, ಎಫ್‌ಟಿಪಿ ಕಾಲ ಮುಗಿಯಿತು”

ಅರ್ಧ ನಿಜ. 2021ರಲ್ಲಿ ಫೈರ್‌ಫಾಕ್ಸ್, ಕ್ರೋಮ್ ಎರಡೂ ಎಫ್‌ಟಿಪಿ ಬೆಂಬಲವನ್ನು ತೆಗೆದುಹಾಕಿದವು. ಅದಕ್ಕೂ ಮೊದಲು, 2017ರಲ್ಲೇ, ಲಿನಕ್ಸ್ ಹಂಚುವ ಡೆಬಿಯನ್ ಯೋಜನೆ ತನ್ನ ಸಾರ್ವಜನಿಕ ಎಫ್‌ಟಿಪಿ ಸೇವೆಯನ್ನು ನಿಲ್ಲಿಸಿತ್ತು. ಆದರೆ ಇವೆಲ್ಲ ಯಾರು ಬೇಕಾದರೂ ಬಂದು ಫೈಲ್ ಇಳಿಸಿಕೊಳ್ಳುವ ಬಗೆಯವು. ಸೈಟಿನ ಒಡೆಯರು ತಮ್ಮ ಸರ್ವರಿಗೆ ಫೈಲ್ ಏರಿಸುವ ಕೆಲಸ ಇವತ್ತಿಗೂ ಫೈಲ್‌ಜಿಲ್ಲಾದಂಥ ಪ್ರೋಗ್ರಾಂಗಳಲ್ಲಿ ನಡೆಯುತ್ತಿದೆ.

“ಲಾಗಿನ್ ಆಗಿ ನಿಂತುಬಿಟ್ಟರೆ ಪಾಸ್‌ವರ್ಡ್ ತಪ್ಪು”

ಲಾಗಿನ್ ಆದ ಮೇಲೆ ಪಾಸ್‌ವರ್ಡನ್ನು ಅನುಮಾನಿಸಬೇಕಾಗಿಲ್ಲ. ಎಫ್‌ಟಿಪಿ ಒಂದಲ್ಲ, ಎರಡು ಸಂಪರ್ಕ ಬಳಸುತ್ತದೆ. ಆಜ್ಞೆಗಳು 21ನೇ ಪೋರ್ಟಿನಲ್ಲಿ ಹೋಗುತ್ತವೆ. ಫೈಲುಗಳಿಗೂ ಫೋಲ್ಡರಿನ ಪಟ್ಟಿಗೂ ಪ್ರತಿಸಲ ಹೊಸದೊಂದು ಸಂಪರ್ಕ ತೆರೆಯಬೇಕು. ‘ಆಕ್ಟಿವ್’ ವಿಧಾನದಲ್ಲಿ ಸರ್ವರೇ ನಿಮ್ಮ ಕಂಪ್ಯೂಟರಿನ ಕಡೆಗೆ ಬರಲು ನೋಡುತ್ತದೆ. ಮನೆಯ ರೌಟರ್, ಆಫೀಸಿನ ಫೈರ್‌ವಾಲ್ ಅದನ್ನು ತಡೆಯುವುದೇ ಹೆಚ್ಚು. ‘ಪ್ಯಾಸಿವ್’ ವಿಧಾನದಲ್ಲಿ ಸರ್ವರ್ ಆರು ಸಂಖ್ಯೆ ಹೇಳುತ್ತದೆ: ಮೊದಲ ನಾಲ್ಕು ಅದರ ಐಪಿ ವಿಳಾಸ, ಕೊನೆಯ ಎರಡು ಪೋರ್ಟು. ಕೊನೆಗೆ 195, 80 ಎಂದು ಬಂದರೆ 195ನ್ನು 256ರಿಂದ ಗುಣಿಸಿ 80 ಕೂಡಿಸಿ, 50000 ಆಗುತ್ತದೆ. ನಿಮ್ಮ ಪ್ರೋಗ್ರಾಂ ಆ 50000ನೇ ಪೋರ್ಟಿಗೆ ಹೋಗಬೇಕು. ಸರ್ವರಿನ ಫೈರ್‌ವಾಲ್‌ನಲ್ಲಿ ಅಂಥ ಪೋರ್ಟುಗಳನ್ನು ತೆರೆದಿಲ್ಲದಿದ್ದರೆ ಲಾಗಿನ್ ಚೆನ್ನಾಗಿಯೇ ಆಗುತ್ತದೆ, ಪಟ್ಟಿ ಮಾತ್ರ ಬರುವುದಿಲ್ಲ.

ಸಾವಿರಾರು ಪುಟ್ಟ ಫೈಲುಗಳು ಗಂಟೆಗಟ್ಟಲೆ ಹಿಡಿಯುವುದಕ್ಕೂ ಇದೇ ಕಾರಣ. ಪ್ರತಿ ಫೈಲಿಗೂ ಹೊಸ ಮಾತುಕತೆ, ಹೊಸ ಸಂಪರ್ಕ. ಎಲ್ಲವನ್ನೂ ಜಿಪ್ ಮಾಡಿ ಒಂದೇ ಫೈಲಾಗಿ ಕಳಿಸಿ, ಸರ್ವರಿನಲ್ಲಿ ಬಿಚ್ಚಿದರೆ ಅದೇ ಇಂಟರ್ನೆಟ್ಟಿನಲ್ಲಿ ಬೇಗ ಮುಗಿಯುತ್ತದೆ.

“ಅಪ್‌ಲೋಡ್ ಮಾಡುವಾಗ ಕನ್ನಡ ಕೆಟ್ಟುಹೋಯಿತು”

ಈ ದೂರು ಕೇಳಿದಾಗಲೆಲ್ಲ ಎಫ್‌ಟಿಪಿಯ ಪರ ವಾದಿಸಬೇಕೆನಿಸುತ್ತದೆ. ಕನ್ನಡ ಹೇಗೆ ಕೆಟ್ಟಿದೆ ಎಂಬುದನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ, ಅದು ಬಹುಶಃ ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಪಠ್ಯ. ಆ ಫೈಲಿನೊಳಗೆ ಮೊದಲಿನಿಂದಲೂ ಇದ್ದದ್ದು ಆ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದ ಫಾಂಟು ಓದುಗರ ಬಳಿ ಇಲ್ಲ. ಯುನಿಕೋಡಿಗೆ ಪರಿವರ್ತಿಸಿ ಆಮೇಲೆ ಏರಿಸಬೇಕು. ಸಾಲುಸಾಲಾಗಿ ತಲೆಯ ಮೇಲೆ ಗೀರಿರುವ ಇಂಗ್ಲಿಷಿನ ‘ಎ’ ಅಕ್ಷರ (à) ಕಂಡರೆ ಫೈಲು ಸರಿಯಾಗಿಯೇ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು, ಅದರಲ್ಲಿ ಮೊದಲನೆಯದು ಯಾವಾಗಲೂ ಒಂದೇ. ಬ್ರೌಸರ್ ತಪ್ಪು ಸಂಕೇತಪಟ್ಟಿಯಲ್ಲಿ ಓದಿದಾಗ ಅದೇ ಬೈಟು ಆ ಗೀರಿನ ಅಕ್ಷರವಾಗಿ ಕಾಣುತ್ತದೆ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಸೂಚಿಸಿದರೆ ಕನ್ನಡ ಮರಳಿ ಬರುತ್ತದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಮಾತ್ರ ಬೇಸರದ ಸಂಗತಿ: ಎಡಿಟರಿನಲ್ಲೋ ಡೇಟಾಬೇಸಿನಲ್ಲೋ ಉಳಿಸುವಾಗಲೇ ಅಕ್ಷರಗಳು ಹೋಗಿವೆ, ಮೂಲ ಪ್ರತಿಯನ್ನೇ ಹುಡುಕಬೇಕು.

ಫೈಲಿನ ಹೆಸರಿನ ವಿಷಯ ಬೇರೆ. ಲಿನಕ್ಸ್ ಸರ್ವರುಗಳಲ್ಲಿ ಸಾಮಾನ್ಯವಾಗಿ ಹೆಸರಿಗೆ 255 ಬೈಟಿನ ಮಿತಿಯಿದೆ. ಕನ್ನಡದ ಲೆಕ್ಕದಲ್ಲಿ ಅದು 85 ಸಂಕೇತ. ‘ಕನ್ನಡ’ ಎಂಬ ಪದ ಒತ್ತಕ್ಷರದ ಕಾರಣ 5 ಸಂಕೇತ, 15 ಬೈಟು. ವೆಬ್ ವಿಳಾಸದಲ್ಲಿ ಅದೇ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಯುಟಿಎಫ್-8 ಒಪ್ಪದ ಹಳೆಯ ಎಫ್‌ಟಿಪಿ ಸರ್ವರಿನಲ್ಲಿ ಹೆಸರು ಕಲಸಿಯೂ ಹೋಗಬಹುದು. ಒಳಗಿನ ಬರಹ ಪೂರ್ತಿ ಕನ್ನಡದಲ್ಲಿರಲಿ, ಫೈಲಿನ ಹೆಸರು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಚಿಕ್ಕ ಅಕ್ಷರವೇ ಏಕೆಂದರೆ, ವಿಂಡೋಸ್ ದೊಡ್ಡ-ಚಿಕ್ಕ ಅಕ್ಷರದ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಕಂಡ ಚಿತ್ರ ಸರ್ವರಿನಲ್ಲಿ ಕಾಣದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

“ಟ್ರಾನ್ಸ್‌ಫರ್ ಕಂಪ್ಲೀಟ್ ಎಂದರೆ ಫೈಲ್ ಸರಿಯಾಗಿ ತಲುಪಿದೆ”

226 ಎಂಬ ಉತ್ತರಕ್ಕೆ ಇರುವ ಅರ್ಥ, ಕೇಳಿದ ವರ್ಗಾವಣೆ ಮುಗಿಯಿತು, ಸಂಪರ್ಕ ಮುಚ್ಚಲಾಗಿದೆ ಎಂದಷ್ಟೇ. ಎರಡು ಕಡೆಯ ಫೈಲನ್ನು ಅದು ಹೋಲಿಸಿ ನೋಡಿರುವುದಿಲ್ಲ. ‘ಆಸ್ಕಿ’ ವಿಧಾನದಲ್ಲಿ ಕಳಿಸಿದರೆ ಸಾಲಿನ ಕೊನೆಯ ಗುರುತು ಬದಲಾಗುತ್ತದೆ: ವಿಂಡೋಸ್‌ನಲ್ಲಿ ಅದು ಎರಡು ಬೈಟು, ಲಿನಕ್ಸ್‌ನಲ್ಲಿ ಒಂದು. ಬರಹಕ್ಕೆ ಇದರಿಂದ ಅನುಕೂಲವೇ, ಆದರೆ ಫೋಟೋ ಅಥವಾ ಜಿಪ್ ಫೈಲಿನಲ್ಲಿ ಅದೇ ಬೈಟು ಆಕಸ್ಮಿಕವಾಗಿ ಇದ್ದರೂ ಬದಲಾಗಿ ಫೈಲು ಹಾಳಾಗುತ್ತದೆ. ಬೈನರಿ ವಿಧಾನ ಇಟ್ಟುಕೊಂಡರೆ ಈ ತೊಂದರೆಯೇ ಇಲ್ಲ. ಮುಖ್ಯ ಫೈಲುಗಳಿಗೆ ಎರಡು ಕಡೆಯ ಗಾತ್ರ ಬೈಟಿನ ಲೆಕ್ಕದಲ್ಲಿ ನೋಡಿ. ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಹೋಲಿಸಿದರೆ ಇನ್ನೂ ಖಾತ್ರಿ.

“ತೊಂದರೆ ಕೊಟ್ಟರೆ ಪರ್ಮಿಷನ್ 777 ಮಾಡಿ”

ಬೇಡ. 4 ಓದಲು, 2 ಬರೆಯಲು, 1 ನಡೆಸಲು; ಮೂರೂ ಸೇರಿ 7. ಮೂರು ಸಲ 7 ಎಂದರೆ ಒಡೆಯರು, ಗುಂಪು, ಉಳಿದವರು ಹೀಗೆ ಎಲ್ಲರಿಗೂ ಎಲ್ಲ ಹಕ್ಕು. ಹತ್ತಾರು ಗ್ರಾಹಕರು ಒಂದೇ ಸರ್ವರಿನಲ್ಲಿರುವ ಕಡೆ ಇದು ದೊಡ್ಡ ಅಪಾಯ. ಫೈಲಿಗೆ 644, ಫೋಲ್ಡರಿಗೆ 755 ಸಾಮಾನ್ಯವಾಗಿ ಸಾಕು. ಅಷ್ಟಾದರೂ ಕೆಲಸ ಆಗದಿದ್ದರೆ ಫೈಲಿನ ಒಡೆತನ ಯಾರ ಹೆಸರಿನಲ್ಲಿದೆ ಎಂದು ಹೋಸ್ಟಿಂಗ್‌ನವರನ್ನು ವಿಚಾರಿಸಬೇಕು.

“ಎಲ್ಲ ಫೋಲ್ಡರ್ ಇಳಿಸಿಕೊಂಡೆ, ಬ್ಯಾಕಪ್ ಆಯಿತು”

ವರ್ಡ್‌ಪ್ರೆಸ್ ಸೈಟಿನ ಎಲ್ಲ ಫೋಲ್ಡರುಗಳನ್ನೂ ಇಳಿಸಿಕೊಂಡರೂ ಒಂದು ಲೇಖನವೂ ನಿಮ್ಮ ಕೈಗೆ ಬಂದಿರುವುದಿಲ್ಲ. ಚಿತ್ರ, ಥೀಮ್, ಪ್ಲಗಿನ್ ಬರುತ್ತವೆ. ಬರಹ, ಓದುಗರ ಪ್ರತಿಕ್ರಿಯೆ, ಬಳಕೆದಾರರ ಪಟ್ಟಿ ಇರುವುದು ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ ಡೇಟಾಬೇಸಿನಲ್ಲಿ. ಎಫ್‌ಟಿಪಿ ಪ್ರೋಗ್ರಾಂ ಅದನ್ನು ಮುಟ್ಟುವುದಿಲ್ಲ. ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ಗೆ ಹೋಗಿ ಅದನ್ನು ಎಸ್‌ಕ್ಯೂಎಲ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಬೇರೆಯಾಗಿ ಇಳಿಸಿಕೊಳ್ಳಬೇಕು. ಸಾಹಿತ್ಯ ಪತ್ರಿಕೆ ನಡೆಸುವವರಿಗೆ, ಊರಿನ ಇತಿಹಾಸ ದಾಖಲಿಸುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೇರೆಲ್ಲೂ ಅಚ್ಚಾಗದ ಬರಹ ಹೀಗೆ ಹೋದರೆ ಮತ್ತೆ ಸಿಗುವುದಿಲ್ಲ.

ಸಾಮಾನ್ಯವಾಗಿ ಎಫ್‌ಟಿಪಿಯಲ್ಲಿ ಡಿಲೀಟ್ ಮಾಡಿದ್ದನ್ನು ಹಿಡಿದಿಡಲು ರಿಸೈಕಲ್ ಬಿನ್ ಇರುವುದಿಲ್ಲ. ಅದೇ ಹೆಸರಿನ ಫೈಲ್ ಏರಿಸಿದರೆ ಹಳೆಯದು ಅಳಿಯುತ್ತದೆ. ‘ಸಿಂಕ್ರೊನೈಸ್’ ಮಾಡುವಾಗ ಅಳಿಸುವ ಆಯ್ಕೆ ಇಟ್ಟು ದಿಕ್ಕು ತಪ್ಪಿಸಿದರೆ, ನಿಮ್ಮ ಖಾಲಿ ಫೋಲ್ಡರಿಗೆ ಹೊಂದುವಂತೆ ಸರ್ವರಿನದೂ ಖಾಲಿಯಾಗುತ್ತದೆ. ಹಾಗಾಗಿ ದೊಡ್ಡ ಬದಲಾವಣೆಗೆ ಮುಂಚೆ ಫೈಲುಗಳನ್ನೂ ಡೇಟಾಬೇಸನ್ನೂ ಇಳಿಸಿಕೊಂಡು, ನಿಮ್ಮ ಕಂಪ್ಯೂಟರನ್ನೇ ವೆಬ್ ಸರ್ವರ್ ಮಾಡುವ ಎಕ್ಸ್‌ಎಎಂಪಿಪಿ (XAMPP) ಹಾಕಿ, ಆ ಪ್ರತಿಯಿಂದಲೇ ಸೈಟನ್ನು ಒಮ್ಮೆ ನಡೆಸಿ ನೋಡಿ. ಎಲ್ಲಕ್ಕಿಂತ ಹಳೆಯ ಲೇಖನ ಚಿತ್ರಸಮೇತ ತೆರೆದುಕೊಂಡರೆ ಮುಂದಿನ ಕೆಲಸಕ್ಕೆ ಕೈಹಾಕಬಹುದು.