ತಾರೆಯರ ಸುದ್ದಿ, ಸಿಂಧನೂರಿನ ಚೀಟಿ

ಹಾಸ್ಯ ಸಂಜೆ ಇನ್ನೇನು ಮುಗಿಯಿತು ಅನ್ನುವಾಗ ಸಂಘಟಕರೊಬ್ಬರು ಪ್ಲಾಸ್ಟಿಕ್ ಬುಟ್ಟಿ ಹಿಡಿದು ಜನರ ನಡುವೆ ಹೊರಟರು. ‘ಏನ್ ಕೇಳೋದೈತಿ ಬರ್ದು ಹಾಕ್ರಿ, ನಿಮ್ಮ ಹೆಸರು ಬರೀಬ್ಯಾಡ್ರಿ’ ಎಂದು ಮೈಕಿನಲ್ಲಿ ಕೂಗಿದ್ದೇ ತಡ, ನೋಟ್‌ಬುಕ್ಕಿನ ಹಾಳೆ, ಬಸ್ ಟಿಕೆಟ್ಟಿನ ಬೆನ್ನು, ಗೊಬ್ಬರದ ಅಂಗಡಿಯ ಬಿಲ್ಲು, ಕೈಗೆ ಸಿಕ್ಕಿದ್ದರ ಮೇಲೆಲ್ಲ ಗೀಚಿದ ಪ್ರಶ್ನೆಗಳು ಬುಟ್ಟಿಗೆ ಬಿದ್ದವು. ವೇದಿಕೆಯ ಮೇಲೆ ಮೂರು ಕುರ್ಚಿ, ಮೂವರು ಮಾತುಗಾರರು, ನಡುವೆ ಒಂದೇ ಮೈಕು.

ಸಿಂಧನೂರು ಭತ್ತದ ಸೀಮೆ. ಕಾಲುವೆಗೆ ನೀರು ಯಾವಾಗ, ಭತ್ತಕ್ಕೆ ರೇಟು ಎಷ್ಟು ಎಂದೇ ಕೇಳುತ್ತಾರೆಂದು ಕಾದೆ. ನೀರಿನ ಚೀಟಿ ಬಂದದ್ದು ಒಂದೇ. ಉಳಿದವೆಲ್ಲ ಸಿನಿಮಾದವರದು! ಯಾರಿಗೂ ಯಾರಿಗೂ ಮದುವೆಯಂತೆ, ಯಾರ ಮನೆ ಮುರಿಯಿತಂತೆ, ಯಾರ ಕೂದಲು ಸ್ವಂತದ್ದಲ್ಲವಂತೆ.

ಒಂದು ಚೀಟಿಯನ್ನು ಹಿರಿಯ ಮಾತುಗಾರರು ಎರಡು ಸಲ ಮಗುಚಿ ನೋಡಿ ಓದಿದರು: ‘ಆ ಇಬ್ಬರು ಹೀರೋಗಳು ಮಾತು ಬಿಟ್ಟಾರಂತ. ಖರೇ ಏನ್ರೀ?’ ಸಭೆ ಉಸಿರು ಹಿಡಿಯಿತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಹೇಳಿದರು: ‘ಅವರು ಬಿಟ್ಟಾರೋ ಇಲ್ಲೋ ನಂಗೇನು ಗೊತ್ರೀ. ಈ ಚೀಟಿ ಬರ್ದವರು ತಮ್ಮ ಅಣ್ಣನ ಜೋಡಿ ಮಾತಾಡಿ ಎಷ್ಟು ವರ್ಷ ಆತು, ಮೊದಲ ಅದನ್ನ ಹೇಳ್ರಿ.’ ನನ್ನ ಮುಂದಿನ ಸಾಲಿನಲ್ಲಿದ್ದ ದೊಡ್ಡ ಮೀಸೆಯವರೊಬ್ಬರು ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಪಕ್ಕದವರು ಅವರ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು.

ಇನ್ನೊಂದು ಚೀಟಿ ಒಬ್ಬ ನಟಿಯ ಖರೇ ವಯಸ್ಸು ಕೇಳಿತ್ತು. ಮೈಕು ಮಹಿಳಾ ಮಾತುಗಾರರ ಕೈಗೆ ಹೋಯಿತು. ‘ಆಕಿ ವಯಸ್ಸು ಗೂಗಲ್‌ನ್ಯಾಗ ಸಿಗತೈತಿ ಯಪ್ಪಾ. ನಿಮ್ಮ ಮನಿಯಾಕಿ ಹುಟ್ಟಿದ ತಾರೀಖು ನಿನ್ನ ತೆಲ್ಯಾಗ ಐತೇನು?’ ಹೆಂಗಸರ ಕಡೆಯಿಂದ ಬಿದ್ದ ಚಪ್ಪಾಳೆಗೆ ಮೈಕು ಕೂಡ ಕೀಂ ಅಂದಿತು.

ಇದೇ ಆಟವನ್ನು ಬ್ರಿಟನ್ನಿನ ಟಿವಿಯವರು ಕ್ಯಾಮೆರಾ, ಅಂಕ, ಎರಡು ತಂಡ ಇಟ್ಟುಕೊಂಡು ಆಡುತ್ತಾರೆ. ಬಿಬಿಸಿಯಲ್ಲಿ 1990ರಲ್ಲಿ ಶುರುವಾದ ‘ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯೂ’ ವಾರದ ಸುದ್ದಿಯನ್ನೂ, 1996ರ ‘ನೆವರ್ ಮೈಂಡ್ ದ ಬಜ್‌ಕಾಕ್ಸ್’ ಪಾಪ್ ಗಾಯಕರ ಬದುಕನ್ನೂ ಹುರಿದು ತಿಂದವು. ಅಲ್ಲಿ ಅಡ್ಡಹೆಸರಿನ ಹಂಗಿಲ್ಲ. ಎದುರಿಗೇ ಕೂತವನನ್ನು ಹೆಸರು ಹಿಡಿದು ಹಂಗಿಸುತ್ತಾರೆ. 2007ರಲ್ಲಿ ‘ಬಜ್‌ಕಾಕ್ಸ್’ನ ನಿರೂಪಕ ಸೈಮನ್ ಆಮ್‌ಸ್ಟೆಲ್, ಗಾಯಕ ಪ್ರೆಸ್ಟನ್ನನ ಹೆಂಡತಿಯ ಆತ್ಮಕಥೆಯ ಸಾಲುಗಳನ್ನು ಅವನೆದುರೇ ಓದಿ ಲೇವಡಿ ಮಾಡಿದ. ಪ್ರೆಸ್ಟನ್ ಎದ್ದು ನಡೆದುಬಿಟ್ಟ. ಕಾರ್ಯಕ್ರಮ ನಿಲ್ಲಲಿಲ್ಲ, ಪ್ರೇಕ್ಷಕರಲ್ಲಿ ಅವನನ್ನೇ ಹೋಲುವ ಒಬ್ಬನನ್ನು ಕರೆತಂದು ಖಾಲಿ ಕುರ್ಚಿಯಲ್ಲಿ ಕೂರಿಸಿದರು. ಅದಕ್ಕೂ ಮುಂಚೆ, 1993ರಲ್ಲಿ, ‘ಹ್ಯಾವ್ ಐ ಗಾಟ್’ಗೆ ಬರುತ್ತೇನೆಂದ ರಾಜಕಾರಣಿ ರಾಯ್ ಹ್ಯಾಟರ್‌ಸ್ಲೀ ಕೈಕೊಟ್ಟಾಗ ಅವರ ಜಾಗದಲ್ಲಿ ಹಂದಿಕೊಬ್ಬಿನ ಡಬ್ಬಿ ಇಟ್ಟಿದ್ದರು.

ನಮ್ಮಲ್ಲಿ ಇಂಥ ಪ್ಯಾನೆಲ್ ಇಲ್ಲವೆಂದಲ್ಲ. ಉದಯ ಟಿವಿಯ ‘ಹರಟೆ’ ನೆನಪಿದೆಯಲ್ಲ? ಹಿರೇಮಗಳೂರಿನ ಕೋದಂಡರಾಮನಿಗೆ ಕನ್ನಡದಲ್ಲೇ ಪೂಜೆ ಮಾಡುವ ಕಣ್ಣನ್ ನಡುವೆ ಕೂತು, ಅತ್ತಿತ್ತ ಕೃಷ್ಣೇಗೌಡ, ಸುಧಾ ಬರಗೂರು, ರಿಚರ್ಡ್ ಲೂಯಿಸ್ ಮುಂತಾದವರು ವಾದಕ್ಕೆ ನಿಂತರೆ ಊಟದ ತಟ್ಟೆ ಒಣಗುತ್ತಿತ್ತು. ಆದರೆ ವಿಷಯ ಏನಿರುತ್ತಿತ್ತು? ಗಂಡ, ಹೆಂಡತಿ, ಅತ್ತೆ, ಸೊಸೆ, ಸಂಬಳ, ಸಾಲ. ಆ ಸಭೆಗೆ ತಾರೆಯರು ಬೇಕಾಗಿರಲಿಲ್ಲ.

ಈ ಸೀಮೆಯ ನಗೆಗೆ ಬೇರು ಇನ್ನೂ ಹಿಂದಿನದು. ಸಿಂಧನೂರಿನಿಂದ ಕಾರಟಗಿ ದಾಟಿದರೆ ಗಂಗಾವತಿ. 1997ರವರೆಗೆ ಅದೂ ರಾಯಚೂರು ಜಿಲ್ಲೆಯದೇ. ಅಲ್ಲಿಯ ಪ್ರಾಣೇಶರು ಬೀಚಿಯವರ ಪುಸ್ತಕಗಳನ್ನು ಬಾಯಿಪಾಠ ಮಾಡಿಕೊಂಡೇ ವೇದಿಕೆ ಏರಿದವರು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ, ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದ ಬೀಚಿ ಓದುಗರ ಪ್ರಶ್ನೆಗೆ ಉತ್ತರ ಬರೆದೇ ಮನೆಮಾತಾದರು. ‘ಉತ್ತರಭೂಪ’ ಎಂಬ ಪುಸ್ತಕದ ಹೆಸರೇ ಅದಕ್ಕೆ ಸಾಕ್ಷಿ. ಯಾರ ಬಗ್ಗೆ ಕೇಳಿದರೂ ಕೇಳಿದವನ ಕಾಲಿಗೇ ತೊಡರುವ ಉತ್ತರ ಅವರದು. ಸಿಂಧನೂರಿನ ವೇದಿಕೆಯಲ್ಲಿ ನಾನು ಕೇಳಿದ್ದು ಅದೇ ವರಸೆ.

ತಾರೆಯರನ್ನೇ ಕೂರಿಸಿಕೊಂಡ ಕಾರ್ಯಕ್ರಮಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. 2014ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ವೀಕೆಂಡ್ ವಿತ್ ರಮೇಶ್’ನ ಕೆಂಪು ಕುರ್ಚಿಗೆ ಪುನೀತ್ ರಾಜ್‌ಕುಮಾರ್ ಮೊದಲು ಕೂತರು, ಅಲ್ಲಿಂದ ಮುಂದೆ ಬಾಲ್ಯದ ಮೇಷ್ಟ್ರು, ಹಳೆಯ ಗೆಳೆಯರು, ಕಣ್ಣೀರು. ಚೆಂದವೇ, ಆದರೆ ಅದು ಸನ್ಮಾನ ಸಮಾರಂಭ. ಮರುವರ್ಷ ಬಂದ ಸೃಜನ್ ಲೋಕೇಶರ ‘ಮಜಾ ಟಾಕೀಸ್’ನಲ್ಲಿ ಕಚಗುಳಿ ಇತ್ತು, ಆದರೆ ಅತಿಥಿಗಳ ಹೊಸ ಚಿತ್ರದ ಪೋಸ್ಟರಿಗೆ ಗೀರು ಬೀಳದಷ್ಟು. ನನಗೆ ಅದರಲ್ಲಿ ಇಷ್ಟವಾದದ್ದು ಅಪರ್ಣಾ ಅವರ ವರಲಕ್ಷ್ಮಿ. ಅಚ್ಚ ಕನ್ನಡದ ಗಂಭೀರ ನಿರೂಪಕಿ, ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಹೇಳುವ ದನಿ, ಜಂಬದ ಕೋಳಿಯಾಗಿ ತನ್ನ ಗಾಂಭೀರ್ಯವನ್ನೇ ಗೇಲಿ ಮಾಡಿಕೊಂಡಿತು. ಅತಿಥಿಯಾಗಿ ಬಂದ ಎಷ್ಟು ತಾರೆಯರಿಗೆ ಆ ಧೈರ್ಯ ಇತ್ತು?

ಸಿಂಧನೂರಿನ ಜನರಿಗೆ ಗಾಸಿಪ್ಪಿನ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಾಗ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಜೊತೆಗೆ ತೆಲುಗು ಸಿನಿಮಾದ ಹುಚ್ಚೂ ಬಂತು. ಆರ್‌ಎಚ್ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿವೆ. ಉರ್ದು, ಹಿಂದಿ ಬಲ್ಲವರು ಪೇಟೆಯ ತುಂಬ. ಹೀಗಾಗಿ ಒಂದೇ ಚಹಾದಂಗಡಿಯಲ್ಲಿ ಬೆಂಗಳೂರು, ಹೈದರಾಬಾದು, ಮುಂಬೈ ಮೂರೂ ಚಿತ್ರರಂಗದ ಒಳಸುದ್ದಿ ಬಿಸಿಬಿಸಿಯಾಗಿ ಸಿಗುತ್ತದೆ. ‘ನಿಮ್ಮ ಹೀರೋ’ ‘ನಮ್ಮ ಹೀರೋ’ ಎಂದು ಜಗಳ ಕಾಯುವವರಿಗೆ ಭಾಷೆ ಅಡ್ಡ ಬರುವುದಿಲ್ಲ.

ಆದರೂ ವೇದಿಕೆ ಏರಿದೊಡನೆ ಹೆಸರು ಮಾಯ. ಆ ಹೀರೋ, ಆ ನಟಿ, ಅವರ ದೊಡ್ಡ ಮಗ. ಪತ್ರಿಕೆಯ ಗಾಸಿಪ್ ಅಂಕಣದವರೂ ಹಾಗೆಯೇ, ಗುರುತಿನ ಬಿರುದು ಕೊಟ್ಟು ಹೆಸರು ನುಂಗುತ್ತಾರೆ. ಮರುದಿನ ಮಸ್ಕಿಗೆ ಹೋದಾಗಲೂ ಇದೇ ತಲೆಯಲ್ಲಿ ಕೊರೆಯುತ್ತಿತ್ತು, ಅದಕ್ಕೇ ಇರಬೇಕು, ದುರ್ಗದಗುಡ್ಡದ ಶಾಸನದ ಬಂಡೆ ನನಗೆ ಬೇರೆಯೇ ಕಂಡಿತು.

ಕತೆ ನಿಮಗೆ ಗೊತ್ತು, ಆದರೆ ಈ ಕಡೆಯಿಂದ ನೋಡಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದಾಗ ದೇಶದ ಬಂಡೆ, ಕಂಬಗಳ ಮೇಲೆ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು. ಅಸಲಿ ಮನುಷ್ಯ ಯಾರು? ಪ್ರಿನ್ಸೆಪ್ ಮೊದಲು ಸಿಂಹಳದ ದೊರೆಯೊಬ್ಬನೆಂದು ಊಹಿಸಿದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನೌರ್ ಪಾಲಿ ಗ್ರಂಥಗಳನ್ನು ತಡಕಿ, ಇವನು ಅಶೋಕನೇ ಎಂದ. ವಾದ ಬಲವಾಗಿತ್ತು, ಆದರೆ ಶಾಸನವೇ ಬಾಯಿಬಿಟ್ಟು ಹೇಳಬೇಕಲ್ಲ! ಅದಕ್ಕೆ ಮುಕ್ಕಾಲು ಶತಮಾನ ಕಾಯಬೇಕಾಯಿತು. 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಬರಹ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಬಿರುದಿನ ಪಕ್ಕದಲ್ಲೇ ‘ಅಸೋಕಸ’ ಎಂದು ಕೆತ್ತಿತ್ತು. ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರು ಆಮೇಲೆ ಸಿಕ್ಕಿತು, ಆದರೆ ಮೊದಲು ಬಾಯಿಬಿಟ್ಟದ್ದು ಮಸ್ಕಿ.

ಆ ಬಂಡೆಯ ಒಕ್ಕಣೆಯೂ ನನಗೆ ತಾರೆಯ ಸಂದರ್ಶನದಂತೆಯೇ ಕೇಳಿಸುತ್ತದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು ಎಂದು ಚಕ್ರವರ್ತಿಯೇ ತನ್ನ ಖಾಸಗಿ ವಿಷಯ ಹೇಳಿಕೊಳ್ಳುತ್ತಾನೆ. ಈ ಸಾಧನೆ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ ಎನ್ನುತ್ತಾನೆ. ತನ್ನ ಹೆಸರನ್ನೇ ಇಟ್ಟು, ತನ್ನ ಬದುಕನ್ನೇ ಉದಾಹರಣೆ ಮಾಡಿ ಆಡಿದ ಮಾತು. ಇತಿಹಾಸಕಾರರು ನನ್ನ ಈ ಸಲಿಗೆಗೆ ಕೋಪಿಸಿಕೊಳ್ಳಬಹುದು, ಕೋಪಿಸಿಕೊಳ್ಳಲಿ.

ಹೆಸರು ಹೇಳದ ನಮ್ಮ ನಗೆಗೆ ಎರಡು ಮುಖ. ಮಾತುಗಾರ ಹೆಸರು ಬಿಟ್ಟು ಕೇಳಿದವನ ಕಡೆ ತಿರುಗಿದರೆ ಅದು ಬೀಚಿಯ ಕಸುಬು. ಚಾನೆಲ್ಲು, ಅಂಕಣಕಾರರು ಅಭಿಮಾನಿಗಳ ಕಲ್ಲಿಗೆ, ಜಾಹೀರಾತಿನ ಕಾಸಿಗೆ ಹೆದರಿ ಹೆಸರು ಬಿಟ್ಟರೆ ಬರೀ ಪುಕ್ಕಲುತನ. ಬ್ರಿಟನ್ನಿನ ಒರಟುತನ ನಮಗೆ ಬೇಡ. ಅವರ ಒಂದು ಪಾಠ ಮಾತ್ರ ಬೇಕು. 2002ರಲ್ಲಿ ‘ಹ್ಯಾವ್ ಐ ಗಾಟ್’ನ ನಿರೂಪಕ ಆಂಗಸ್ ಡೇಟನ್ ಬಗ್ಗೆಯೇ ಪತ್ರಿಕೆಯ ಮುಖಪುಟದಲ್ಲಿ ರಂಪವಾದಾಗ, ತಂಡದ ನಾಯಕ ಪಾಲ್ ಮರ್ಟನ್ ಆ ಮುಖಪುಟವನ್ನೇ ಅಚ್ಚು ಹಾಕಿಸಿದ ಟಿ-ಷರ್ಟ್ ತೊಟ್ಟು ಪಕ್ಕದಲ್ಲಿ ಕೂತ. ಅದೇ ವರ್ಷ ಡೇಟನ್ ಕೆಲಸ ಕಳೆದುಕೊಂಡ. ಊರವರನ್ನೆಲ್ಲ ನಕ್ಕವನಿಗೂ ರಿಯಾಯಿತಿ ಸಿಗಲಿಲ್ಲ.

ಕನ್ನಡದಲ್ಲಿ ತಾರೆಯರ ಸುದ್ದಿಯ ನಗೆ ಪ್ಯಾನೆಲ್ ಬಂದರೆ ನಾನಂತೂ ನೋಡುತ್ತೇನೆ, ಎರಡು ಷರತ್ತಿನ ಮೇಲೆ. ಮೊದಲ ಲೇವಡಿ ನಿರೂಪಕರ ಮೇಲೆಯೇ ಬೀಳಬೇಕು. ಇನ್ನೊಂದು, ಹೊಸ ಚಿತ್ರ ಬಿಡುಗಡೆಯಾಗುವ ವಾರ ಆ ಚಿತ್ರದವರಿಗೆ ಒಳಗೆ ಪ್ರವೇಶವಿರಬಾರದು. ಪ್ರಚಾರಕ್ಕೆಂದು ಬಂದವರು ಇಲ್ಲದಿದ್ದರೆ ಅರ್ಧ ಮಾತಾದರೂ ಖರೇ ಇರುತ್ತದೆ.