ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ

"ಸಿಸ್ಟರ್, ರಾತ್ರಿ ಹತ್ತರ ತನಕ ಓದ್ತಾಳೆ, ಆದ್ರೂ ಮಾರ್ಕ್ಸ್ ಬರೋದಿಲ್ಲ." ಸ್ವಸಹಾಯ ಸಂಘಗಳ ಸಭೆಗೆ ಹೋದಾಗಲೆಲ್ಲ ತಾಯಂದಿರಿಂದ ನಾವು ಕೇಳುವ ಮಾತಿದು. ಮಗಳು ಮೋಸ ಮಾಡುತ್ತಿಲ್ಲ, ನಿಜವಾಗಿಯೂ ಓದುತ್ತಿದ್ದಾಳೆ. ಆದರೆ ಅದೇ ಪುಟವನ್ನು ನಾಲ್ಕು ಸಲ ಓದುವುದು, ಗೈಡಿನ ಉತ್ತರವನ್ನು ನೋಟ್‌ಬುಕ್ಕಿಗೆ ಇಳಿಸುವುದು, ಇಷ್ಟನ್ನೇ ಓದು ಎಂದುಕೊಂಡಿದ್ದಾಳೆ. ಕಣ್ಣು, ಕೈ ದುಡಿಯುತ್ತವೆ; ತಲೆ ಸುಮ್ಮನಿರುತ್ತದೆ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ವಿದ್ಯಾರ್ಥಿಗಳು ಒಂದು ಚಿಕ್ಕ ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು: ಶೇಕಡಾ 81, ಇನ್ನೊಂದು 75. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿತು. ಎರಡು ಸಲ ಓದಿದ್ದು 42ಕ್ಕೆ ಇಳಿಯಿತು, ನೋಡದೆ ಬರೆದದ್ದು 56ರಲ್ಲಿ ನಿಂತಿತು. ನಮ್ಮ ಮಕ್ಕಳು ಮೋಸಹೋಗುವುದು ಆ ಮೊದಲ ಐದು ನಿಮಿಷದಲ್ಲೇ. "ಬಂತು" ಅಂತ ಪುಸ್ತಕ ಮುಚ್ಚುತ್ತಾರೆ.

ವಿದ್ಯಾರ್ಥಿಗಳೇ, ಹತ್ತನೇ ತರಗತಿಯ ವಿಜ್ಞಾನದಲ್ಲಿ ಹೃದಯದ ಪಾಠ ತೆಗೆದುಕೊಳ್ಳಿ. ಒಂದು ಸಲ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಚಿತ್ರ ನೀವೇ ಬರೆಯಿರಿ. ಕೋಣೆಗಳ ಹೆಸರು ಹಾಕಿ, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣದ ಗುರುತು ಎಳೆಯಿರಿ. ತಪ್ಪಾಗಲಿ, ಪರವಾಗಿಲ್ಲ. ಆಮೇಲೆ ಪುಸ್ತಕ ತೆರೆದು ತಿದ್ದಿಕೊಳ್ಳಿ. ಇಷ್ಟಕ್ಕೇ ಬಿಡಬೇಡಿ, "ಯಾಕೆ?" ಅಂತ ಕೇಳಿ. ಕಪ್ಪೆಗೆ ಮೂರು ಕೋಣೆ ಸಾಕಾದರೆ ನಮಗೆ ಯಾಕೆ ನಾಲ್ಕು? ನಮ್ಮ ಮೈಯನ್ನು ಸದಾ ಒಂದೇ ಬಿಸಿಯಲ್ಲಿಡಲು ಹೆಚ್ಚು ಶಕ್ತಿ ಬೇಕು, ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ಹಾಗಾಗಿ ಶುದ್ಧ ರಕ್ತ, ಅಶುದ್ಧ ರಕ್ತ ಬೆರೆಯಬಾರದು. ಕಾರಣ ಗೊತ್ತಾದರೆ ಬಾಯಿಪಾಠದ ಕಷ್ಟ ಅರ್ಧ ಕಡಿಮೆ. ಗಣಿತದಲ್ಲಂತೂ ಬಿಡಿಸಿಟ್ಟ ಲೆಕ್ಕವನ್ನು ಓದುವುದೇ ಬೇಡ, ಉತ್ತರಕ್ಕೆ ಕೈ ಮುಚ್ಚಿ ನೀವೇ ಬಿಡಿಸಿ.

ನೀರು ತರುವುದು, ತಮ್ಮನನ್ನು ನೋಡಿಕೊಳ್ಳುವುದು, ರೊಟ್ಟಿ ಬಡಿಯುವುದು ಎಲ್ಲಾ ಮುಗಿಸಿ ಕೂರುವ ಹುಡುಗಿಗೆ ಸಿಗುವುದು ಒಂದು ಗಂಟೆ ಮಾತ್ರ. ಅದು ವ್ಯರ್ಥವಾದರೆ ನಷ್ಟ ದೊಡ್ಡದು. ಎಸ್.ಎಸ್.ಎಲ್.ಸಿ. ಫೇಲಾದ ಹುಡುಗನಿಗೆ "ಮತ್ತೆ ಕಟ್ಟು" ಅನ್ನುತ್ತಾರೆ. ಹುಡುಗಿಯ ಮನೆಯಲ್ಲಿ ಗಂಡು ಹುಡುಕುವ ಮಾತು ಶುರುವಾಗುತ್ತದೆ. ಇದನ್ನು ನಾವು ಹಳ್ಳಿ ಹಳ್ಳಿಯಲ್ಲೂ ನೋಡಿದ್ದೇವೆ. ಫೇಲಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು ಎಂಬುದನ್ನು ತಂದೆ ತಾಯಂದಿರು ದಯವಿಟ್ಟು ತಿಳಿದಿರಬೇಕು.

"ನಮಗೆ ಅಕ್ಷರವೇ ಬರೋದಿಲ್ಲ, ನಾವೇನು ಸಹಾಯ ಮಾಡೋಣ?" ಅಂತ ತಾಯಂದಿರು ಕೇಳುತ್ತಾರೆ. ಅಮ್ಮಾ, ಅಕ್ಷರ ಬೇಡ. ಒಲೆ ಮುಂದೆ ಕೂತಾಗ ಮಗಳನ್ನು ಹತ್ತಿರ ಕರೆದು, "ಇವತ್ತು ಓದಿದ್ದು ನನಗೆ ತಿಳಿಯೋ ಹಾಗೆ ಹೇಳು" ಅನ್ನಿ. ಪುಸ್ತಕ ಮುಚ್ಚಿರಲಿ. ನಿಮಗೆ ಅರ್ಥವಾಗದಿದ್ದರೆ "ತಿಳೀಲಿಲ್ಲ, ಇನ್ನೊಂದ್ಸಲ ಹೇಳು" ಅನ್ನಿ, ಬೈಯಬೇಡಿ. ಅವಳು ತಡವರಿಸಿದ ಜಾಗ ಯಾವುದೋ ಅದು ಅವಳಿಗೆ ಇನ್ನೂ ಬಂದಿಲ್ಲ. ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಿಕೊಂಡು, ಮಾರನೆಯ ದಿನ ಟೀಚರನ್ನು ಕೇಳಲಿ. ತರಗತಿಯಲ್ಲಿ ಎದ್ದು ನಿಲ್ಲಲು ನಾಚಿಕೆಯಾದರೆ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಸ್ಟಾಫ್ ರೂಮಿಗೆ ಹೋಗಿ ಕೇಳಲಿ.